ಕೋಚ್ ಹೇಳಿಕಳಿಸಿದ ಆಟ

ಬರ್ಮಿಂಗ್‌ಹ್ಯಾಮ್, ಅಲಬಾಮಾ
ಅಕ್ಟೋಬರ್ 24, 1988

ಪ್ರೀತಿಯ ಓಪಲ್ ಆಂಟಿ,

ಈ ಕೈಬರಹ ನಿಮಗೆ ಗುರುತು ಸಿಗಲಾರದು. ಲಕೋಟೆಯ ಹಿಂದಿನ ಹೆಸರು ನೋಡಿ, ಒಡೆಯದೆ ಒಲೆಗೆ ಹಾಕಿದರೂ ನಾನು ತಪ್ಪು ತಿಳಿಯುವುದಿಲ್ಲ. ನಾನು ಡೆಲ್ಮರ್ ಟ್ಯಾಕೆಟ್. ಹೈಸ್ಕೂಲಿನಲ್ಲಿ ನಿಮ್ಮ ಕೋಯ್ ಜೊತೆ ಫುಟ್‌ಬಾಲ್ ಆಡುತ್ತಿದ್ದವನು. ಪ್ರತಿ ಗುರುವಾರ ನಿಮ್ಮ ಅಡುಗೆಮನೆಯಲ್ಲಿ ಕೂತು ಕಾಳಿನ ಸಾರು, ಮೆಕ್ಕೆಜೋಳದ ಬ್ರೆಡ್ಡು ತಿಂದು, ಇನ್ನಷ್ಟು ಹಾಕಿಸಿಕೊಂಡು ತಿಂದವನು.

ಹದಿನಾರನೆಯ ತಾರೀಕು, ಭಾನುವಾರ, ನನ್ನ ಬಲಮಂಡಿ ಹೋಯಿತು. ವೃತ್ತಿಪರ ತಂಡದಲ್ಲಿ ನಾಲ್ಕು ವರ್ಷ ಬೆಂಚಿನ ಮೇಲೆ ಕೂತು, ಚೆಂಡು ಎಸೆಯುವ ಜಾಗದಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಆಡುವುದನ್ನು ನೋಡಿದ್ದೆ. ಈ ವರ್ಷ ಅವನ ಹೆಬ್ಬೆರಳು ಮುರಿದು ನನ್ನ ಸರದಿ ಬಂತು. ನನ್ನ ಮೂರನೆಯ ಆಟ. ಚೆಂಡು ಕೈಗೆ ಬಂತು, ಐದು ಹೆಜ್ಜೆ ಹಿಂದೆ ಸರಿದೆ, ಎಸೆಯಲು ಕೈಯೆತ್ತಿದೆ. ಬೂಟಿನ ಮೊಳೆಗಳು ನೆಲಕ್ಕೆ ಕಚ್ಚಿಕೊಂಡಿದ್ದವು. ಪಕ್ಕದಿಂದ ಬಂದ ಭಾರೀ ಆಳೊಬ್ಬ ಕಾಲಿನ ಮೇಲೆ ಬಿದ್ದ. ಪಾದ ಇದ್ದಲ್ಲೇ ಉಳಿಯಿತು, ಅದರ ಮೇಲಿನದೆಲ್ಲ ತಿರುಗಿತು. ಹಸಿ ಕೊಂಬೆ ಸೀಳಿದಂಥ ಸದ್ದು ಕೇಳಿಸಿತು. ಅದು ನನ್ನದೇ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

ಇಲ್ಲಿ ಕರೆತಂದು ಶಸ್ತ್ರಚಿಕಿತ್ಸೆ ಮಾಡಿದರು. ಡಾಕ್ಟರು ವಯಸ್ಸಾದವರು, ಸುತ್ತಿಬಳಸಿ ಮಾತಾಡುವವರಲ್ಲ. “ನಡೀತೀಯ, ಮೆಟ್ಲು ಹತ್ತೀಯ, ಮುಂದೆ ಮಕ್ಕಳಾದ್ರೆ ಹಿತ್ತಲಲ್ಲಿ ಅವರ ಜೊತೆ ಚೆಂಡು ಎಸೆದಾಡ್ತೀಯ. ಅಷ್ಟೇ ಕಣಯ್ಯ. ಆಟ ಮುಗೀತು,” ಅಂದರು. ನಾನು ಅಳಲಿಲ್ಲ. ಆಮೇಲೆ ನರ್ಸ್ ಬಂದು, ಕಾಲು ಅಲುಗದಂತೆ ಹಿಡಿದು, ನನ್ನನ್ನು ಮಗ್ಗುಲಿಗೆ ಹೊರಳಿಸಿದಳು. ನನಗೆ ಇಪ್ಪತ್ತೇಳು ವರ್ಷ. ಮಗುವಾಗಿದ್ದಾಗ ಬಿಟ್ಟರೆ ನನ್ನನ್ನು ಇನ್ನೊಬ್ಬರು ಹೊರಳಿಸಿದ್ದು ಅದೇ ಮೊದಲು. ಆಗ ಅತ್ತೆ.

ಕೋಯ್‌ನನ್ನು ಯಾರು ಹೊರಳಿಸುತ್ತಾರೆ, ಆಂಟಿ? ಒಂಬತ್ತು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಇದು. ಅಪ್ಪ ಅಮ್ಮ ಒಹಾಯೊಗೆ ಹೋದ ಮೇಲೆ ಬ್ಲೇರ್ ಫೋರ್ಕ್‌ಗೆ ಬರಲು ನನಗೆ ನೆಪವಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ನೆಪ ಬೇಕಿರಲಿಲ್ಲ ಎಂದು ನನಗೂ ಗೊತ್ತು.

ಅವನು ಹೇಗಿದ್ದಾನೆ? ಎರಡು ಸಾಲು ಬರೆದರೆ ಸಾಕು.

ನಿಮ್ಮ,
ಡೆಲ್ಮರ್


ಬ್ಲೇರ್ ಫೋರ್ಕ್, ವೆಸ್ಟ್ ವರ್ಜೀನಿಯಾ
ನವೆಂಬರ್ 9, 1988

ಡೆಲ್ಮರ್,

ಒಲೆಗೆ ಹಾಕಲಿಲ್ಲ. ಕಲ್ಲಿದ್ದಲಿನ ಒಲೆ ತೆಗೆಸಿ ಮೂರು ವರ್ಷವಾಯಿತು, ಅದರ ಹೊಗೆ ಕೋಯ್‌ಗೆ ಆಗುವುದಿಲ್ಲ.

ಯಾರು ಹೊರಳಿಸುತ್ತಾರೆ ಎಂದು ಕೇಳಿದ್ದೀಯ. ನಾನು. ಎರಡು ಗಂಟೆಗೊಮ್ಮೆ. ಮೊದಲು ನಾನು ಮತ್ತು ಅವನ ಅಪ್ಪ ವರ್ಲಿನ್ ಸರದಿಯಲ್ಲಿ ಏಳುತ್ತಿದ್ದೆವು. ಎಂಬತ್ತಾರರಲ್ಲಿ ವರ್ಲಿನ್ ಹೋದರು. ಗಣಿಯ ಧೂಳು ತುಂಬಿಕೊಂಡ ಎದೆ, ಕೊನೆಯ ವರ್ಷ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದರು. ಈಗ ನಾನೊಬ್ಬಳೇ.

ಕೋಯ್‌ಗೆ ಕುತ್ತಿಗೆಯಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಮೇಲಿನದೆಲ್ಲ ಮೊದಲಿನಂತೆಯೇ ಇದೆ, ಬಾಯಿ ಅಂತೂ ಮೊದಲಿಗಿಂತ ಜೋರು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದ್ದೇವೆ. ಹಲ್ಲಿನಲ್ಲಿ ಕಡ್ಡಿ ಕಚ್ಚಿಕೊಂಡು ಟೈಪ್ ಮಾಡುವುದನ್ನು ಕಲಿತಿದ್ದಾನೆ. ನಿನ್ನ ಆಟ ರೇಡಿಯೋದಲ್ಲಿ ಬಂದಾಗಲೆಲ್ಲ ಕೇಳಿದ. ನೀನು ಕಾಲೇಜಿನಲ್ಲಿದ್ದಾಗ ಪ್ರತಿ ಶನಿವಾರ ಸ್ಟೇಷನ್ ಹುಡುಕಿ ಕೊಡುವುದು ನನ್ನ ಕೆಲಸ. ಹುಡುಕಿ ಕೊಟ್ಟು ನಾನು ಅಂಗಳಕ್ಕೆ ಹೋಗುತ್ತಿದ್ದೆ. ನನಗೆ ಆ ಆಟದ ಸದ್ದು ಬೇಡ.

ಇಷ್ಟು ವರ್ಷದಲ್ಲಿ ನಿಮ್ಮ ತಂಡದವರು ಯಾರು ಬಂದರು ಎಂದು ನೀನು ಕೇಳಿಲ್ಲ. ನಾನೇ ಹೇಳುತ್ತೇನೆ. ಮೊದಲ ವರ್ಷ ನೀನೊಬ್ಬ ಬಿಟ್ಟು ಎಲ್ಲರೂ ಬಂದರು. ಎರಡನೆಯ ವರ್ಷ ಇಬ್ಬರು. ಆಮೇಲೆ ಒಬ್ಬನೇ, ಅದೂ ಬರಬೇಡ ಎಂದು ನಾನು ಹೇಳಿದ್ದ ಮನುಷ್ಯ. ಹೋಬರ್ಟ್ ಲೈವ್ಲಿ. ನಿಮ್ಮ ಕೋಚ್. ಗೆದ್ದಾಗಿದ್ದ ಆಟದಲ್ಲಿ, ಎರಡು ನಿಮಿಷ ಉಳಿದಿರುವಾಗ, ಚೆಂಡನ್ನು ಎದೆಗವಚಿಕೊಂಡು ಕೂತಿದ್ದರೆ ಸಾಕಾಗಿದ್ದಾಗ, ಎಸೆಯಿರಿ ಎಂದು ನನ್ನ ಮಗನ ಬಾಯಲ್ಲೇ ಹೇಳಿಕಳಿಸಿದ ಮನುಷ್ಯ. ಸ್ಕೂಲಿನವರು ಅವನನ್ನು ತೆಗೆದರು. ಹೆಂಡತಿ ಬಿಟ್ಟು ಹೋದಳು. ಈಗ ಪಕ್ಕದ ಕೌಂಟಿಯಲ್ಲಿ ಸ್ಕೂಲ್ ಬಸ್ ಓಡಿಸುತ್ತಾನೆ.

ಮೊದಲ ಸಲ ಬಂದಾಗ ಗೇಟಿನಲ್ಲೇ ತಡೆದೆ. “ಯಾಕ್ ಬಂದೆ?” ಅಂದೆ.

“ಹುಡುಗನ್ನ ನೋಡೋಣ ಅಂತ, ಮಿಸೆಸ್ ಸ್ಟಂಬೋ.”

“ನೀನು ಮಾಡಿದ್ದನ್ನ ನೋಡೋಕ್ ಬಂದ್ಯಾ?”

ಅವನು ತಲೆ ತಗ್ಗಿಸಿಕೊಂಡು ವಾಪಸ್ಸು ಹೋದ. ಮುಂದಿನ ಭಾನುವಾರ ಮತ್ತೆ ಬಂದು ನಿಂತ. ಎರಡು ವರ್ಷ ಹೀಗೇ. ಕೊನೆಗೆ ಹಿಮ ಬೀಳುವ ಒಂದು ದಿನ ವರ್ಲಿನ್, “ಒಳಗ್ ಬಿಡೇ, ಆ ಮನುಷ್ಯ ಅಲ್ಲೇ ಸತ್ರೆ ಅದನ್ನೂ ನಾವೇ ಎತ್ಬೇಕು,” ಅಂದರು. ಅಂದಿನಿಂದ ನಾನು ಚರ್ಚಿಗೆ ಹೋದಾಗ ಅವನು ಬಂದು ಕೋಯ್‌ಗೆ ಗಡ್ಡ ಹೆರೆದು, ನಾನು ಬರುವಷ್ಟರಲ್ಲಿ ಹೊರಟಿರುತ್ತಾನೆ. ಅವನ ಜೊತೆ ನಾನು ಇವತ್ತಿಗೂ ಹತ್ತು ಮಾತು ಆಡಿಲ್ಲ.

ಕೋಯ್‌ಗೆ ಬರೆಯಬೇಕೆಂದಿದ್ದರೆ ಬರೆ. ಅವನೂ ದೊಡ್ಡವನು, ನಾನು ತಡೆಯುವುದಿಲ್ಲ.

ಓಪಲ್ ಸ್ಟಂಬೋ


ಬರ್ಮಿಂಗ್‌ಹ್ಯಾಮ್
ನವೆಂಬರ್ 20, 1988

ಕೋಯ್,

ಈ ಕಾಗದವನ್ನು ಐದು ಸಲ ಶುರುಮಾಡಿ ಹರಿದೆ. ನಿನ್ನ ಅಮ್ಮನ ಪತ್ರ ಬಂತು. ಕೋಚ್ ಪ್ರತಿ ಭಾನುವಾರ ಬರುತ್ತಾರೆ ಎಂದು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ಆ ದಿನ ಅವರು ಎಸೆಯಿರಿ ಎಂದಿರಲಿಲ್ಲ, ಓಡಿ ಎಂದಿದ್ದರು. ನೀನೇ ಆ ಮಾತು ತಂದವನು. ಗುಂಪುಗೂಡಿ ನಿಂತಾಗ ನನ್ನ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿಸಿ, “ಓಡೋದು, ಬಲಗಡೆ. ಕೋಚ್ ಹೇಳಿದಾರೆ ಚೆಂಡು ಹಿಡ್ಕೊಂಡೇ ಗಡಿಯಾರ ಮುಗಿಸಿ ಅಂತ,” ಅಂದೆ. ನಾನು ಉಳಿದವರಿಗೆ ಕೂಗಿದ್ದು ಬೇರೆ ಆಟ, ಎಸೆಯುವುದು. ನೀನು ನನ್ನ ಮುಖ ನೋಡಿದೆ. “ಅದಲ್ಲ ಕಣೋ,” ಎಂದು ಪಿಸುಗುಟ್ಟಿದೆ. ನಾನು, “ಮೇಲ್ಗಡೆ ಸಾಲಲ್ಲಿ ಕಂದು ಕೋಟು ಹಾಕ್ಕೊಂಡ್ ಕೂತಿದಾನಲ್ಲ, ಅವನು ಯೂನಿವರ್ಸಿಟಿಯವನು, ಆಟಗಾರರನ್ನ ಆರಿಸೋಕ್ ಬಂದಿದಾನೆ. ಇನ್ನೊಂದೇ ಒಂದು ಎಸೀತೀನಿ. ನೀನು ಹಿಡಿ ಸಾಕು,” ಅಂದೆ. ನೀನು ನಕ್ಕೆ. ನಕ್ಕು ಹೋಗಿ ನಿನ್ನ ಜಾಗದಲ್ಲಿ ನಿಂತೆ.

ಚೆಂಡು ಕೈ ಬಿಡುವಾಗಲೇ ಗೊತ್ತಾಯಿತು, ಮೇಲಾಯಿತು ಎಂದು. ಒಂದು ಗೇಣು. ನೀನು ಬಿಟ್ಟುಬಿಡಬಹುದಿತ್ತು. ನೀನು ಯಾವುದನ್ನೂ ಬಿಟ್ಟವನಲ್ಲ. ಎರಡೂ ಕೈ ಮೇಲೆತ್ತಿ ಹಾರಿದೆ, ಎದುರು ತಂಡದ ಇಬ್ಬರು ಎರಡು ಕಡೆಯಿಂದ ಬಂದು ಅಪ್ಪಳಿಸಿದರು.

ಆಸ್ಪತ್ರೆಗೆ ಒಮ್ಮೆ ಬಂದಿದ್ದೆ. ನಿನ್ನ ಕೋಣೆಯ ಬಾಗಿಲವರೆಗೆ. ಒಳಗೆ ನಿನ್ನ ತಲೆಗೆ ಕಬ್ಬಿಣದ ಬಳೆ ತೊಡಿಸಿ ಎರಡು ಕಡೆ ತೂಕ ಕಟ್ಟಿದ್ದರು. ಕಾರಿಡಾರಿನಲ್ಲಿ ನಿನ್ನ ಅಪ್ಪ ಯಾರಿಗೋ ಹೇಳುತ್ತಿದ್ದರು, “ಎಸೀರಿ ಅಂದನಂತಲ್ಲ ಆ ಲೈವ್ಲಿ, ಅವನ ತಲೆಯಲ್ಲಿ ಏನಿತ್ತು?” ನಾನು ಅಲ್ಲೇ ತಿರುಗಿ ಮೆಟ್ಟಿಲಿಳಿದೆ. ಆ ವಾರ ಹೇಳಬಹುದಿತ್ತು. ಆಮೇಲೆ ಯೂನಿವರ್ಸಿಟಿಯ ಪತ್ರ ಬಂತು. ಆಮೇಲೆ ಕೋಚ್‌ರನ್ನು ತೆಗೆದರು. ಅವರು ನನ್ನ ಹೆಸರೆತ್ತಲಿಲ್ಲವಾದ್ದರಿಂದ ನಾನೂ ಬಾಯಿ ಬಿಡಲಿಲ್ಲ.

ನಮಗೆ ಕಲಿಸುವುದು ಒಂದೇ ವಿದ್ಯೆ, ಕೋಯ್. ನಾಲ್ಕು ಜನ ಮೈಮೇಲೆ ಬೀಳಲು ಓಡಿಬರುತ್ತಿದ್ದರೂ ಅವರನ್ನು ನೋಡಬಾರದು; ಕಣ್ಣು ದೂರದಲ್ಲಿರಬೇಕು, ಚೆಂಡು ಹೋಗಬೇಕಾದಲ್ಲಿ. ನನಗೆ ಅದು ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ ಒಂಬತ್ತು ವರ್ಷ ಪಕ್ಕದಲ್ಲಿರುವುದನ್ನು ನೋಡದೆ ಕಳೆದೆ. ಈಗ ಮಲಗಿದಲ್ಲಿಂದ ದೂರ ನೋಡಲು ಏನೂ ಇಲ್ಲ.

ನನ್ನನ್ನು ಬೈ. ಏನಾದರೂ ಬರೆ.

ಡೆಲ್


ಬ್ಲೇರ್ ಫೋರ್ಕ್
ಡಿಸೆಂಬರ್ 11, 1988

ಡೆಲ್,

ಈ ಕಾಗದ ನಾಲ್ಕು ದಿನದ ಕೆಲಸ ಕಣೋ. ಒಂದೊಂದು ಅಕ್ಷರಕ್ಕೂ ಮರಕುಟಿಗನ ಥರ ಕುಕ್ಕಬೇಕು. ಅದಕ್ಕೇ ನಾಜೂಕು ಮಾತೆಲ್ಲ ಇಲ್ಲ, ಬಾಯಿಗೆ ಬಂದದ್ದೇ ಬರೀತೀನಿ.

ನಿನ್ನ ಲಕೋಟೆ ಬಂದಾಗ ಅಮ್ಮ ಒಡೆದು ಹಿಡಿಯೋಕೆ ಬಂದ್ಲು. ಬೇಡ, ಭಾನುವಾರ ಕೋಚ್ ಹಿಡೀತಾರೆ ಅಂದೆ. ಹಾಗಾಗಿ ನಿನ್ನ ಪಾಪನಿವೇದನೆ ಓದಿದ್ದು ಕೋಚೇ, ಜೋರಾಗಿ, ನನ್ನ ಅರ್ಧ ಮುಖಕ್ಕೆ ಸೋಪು ಹಚ್ಚಿ. ಕಂದು ಕೋಟಿನವನ ವಿಷಯ ಬಂದಾಗ ಒಂಚೂರು ನಿಲ್ಲಿಸಿದ್ರು. ಮುಗಿಸಿ ಮಡಚಿ ಇಟ್ರು. “ಈ ಕಡೆ ಕೆನ್ನೆ ಉಳೀತು ನೋಡು,” ಅಂದ್ರು. ಅಷ್ಟೆ. ಆದ್ರೆ ಹೆರೆದಿದ್ದ ಕೆನ್ನೇನೇ ಮತ್ತೆ ಹೆರೆಯೋಕೆ ಶುರುಮಾಡಿದ್ರು. ಗಂಟಲ ಹತ್ರ ಬ್ಲೇಡು ಬಂದಾಗ ನಾನು ಉಸಿರು ಹಿಡ್ಕೊಂಡೆ.

ಬೈ ಅಂದಿದೀಯ. ಮೇಲೆ ಹೋದ ಚೆಂಡಿಗೆ ಬೈಯೋಲ್ಲ. ನಾನೂ ನಕ್ಕೆ, ನಾನೂ ಹೋಗಿ ನಿಂತೆ. ಆ ಕೋಟಿನವನು ನನ್ನನ್ನೂ ನೋಡ್ಲಿ ಅಂತ ನನಗೂ ಆಸೆ ಇತ್ತು. ಹಿಡಿದಿದ್ನಲ್ಲ, ಅದನ್ನ ಯಾರೂ ಹೇಳೋಲ್ಲ ನೋಡು! ಬೀಳೋವರೆಗೂ ಚೆಂಡು ಕೈಯಲ್ಲೇ ಇತ್ತು.

ನಾಲ್ಕು ತಿಂಗಳು ಗಂಟಲಲ್ಲಿ ಕೊಳವೆ ಇತ್ತು, ಮಾತಿಲ್ಲ. ಮಾತು ಬರೋ ಹೊತ್ತಿಗೆ ಊರೆಲ್ಲ ತೀರ್ಮಾನ ಮಾಡಿಯಾಗಿತ್ತು. ಕೋಚ್ ಆಸ್ಪತ್ರೆಗೆ ಕದ್ದು ಬಂದು ಕಿವಿ ಹತ್ರ ಬಗ್ಗಿ, “ಕೋಯ್, ಅವನಿಗೆ ಯೂನಿವರ್ಸಿಟಿಲಿ ಸೀಟ್ ಸಿಕ್ಕಿದೆ. ಈಗ ಬಾಯಿ ಬಿಟ್ರೆ ಅದೂ ಹೋಗುತ್ತೆ. ನಿಮ್ಮಿಬ್ಬರಲ್ಲಿ ಒಬ್ಬನಾದ್ರೂ ಗಣಿಗೆ ಇಳೀದೆ ಇರ್ಲಿ,” ಅಂದ್ರು. ನಾನು ಕಣ್ಣು ಮುಚ್ಚಿ ಹೂಂ ಅಂದೆ.

ಬೈಯೋದು ಬೇರೆಯದಕ್ಕೆ. ನೀನು ಬರ್ತೀಯ ಅಂತ ಕಾದೆ. ಆ ಬೇಸಿಗೆ, ಮುಂದಿನ ಬೇಸಿಗೆ. ಕಾರು ನಿಂತ ಸದ್ದಾದ್ರೆ ಅಮ್ಮನ್ನ ಯಾರು ನೋಡು ಅಂತಿದ್ದೆ. ಒಂದು ಕಾರ್ಡು ಹಾಕಿದ್ರೂ ಆಗ್ತಿತ್ತು, ‘ಲೋ ಮುಠ್ಠಾಳ, ಹೇಗಿದೀಯ’ ಅಂತ. ಅದಕ್ಕೆ ಬೈತಾ ಇದೀನಿ. ಬೈದು ಆಯ್ತು.

ಈಗ ಕೇಳು. ಅಮ್ಮನಿಗೆ ಹೇಳು. ನೀನೇ.

ಕೋಯ್

(ಕಡ್ಡಿ ಬಿದ್ದುಹೋಗಿತ್ತು. ಅದನ್ನ ಎತ್ತಿಕೊಡೋಕೆ ಅಮ್ಮನ್ನ ಕರೆದು, ಅವಳು ಕಾಗದ ನೋಡದ ಹಾಗೆ ಹಾಡು ಹೇಳ್ತಾ ಇದ್ದೆ. ನಿನ್ನಿಂದ ಹಾಡುಗಾರನೂ ಆದೆ.)


ಬರ್ಮಿಂಗ್‌ಹ್ಯಾಮ್
ಜನವರಿ 2, 1989

ಕೋಚ್,

ನಿಮಗೆ ಎಂದೂ ಪತ್ರ ಬರೆದವನಲ್ಲ. ಹೇಗೆ ಶುರುಮಾಡಬೇಕೆಂದೂ ತಿಳಿಯುತ್ತಿಲ್ಲ. ಕೋಯ್‌ಗೆ ಬರೆದದ್ದನ್ನು ನೀವೇ ಓದಿದಿರಂತೆ. ಹಾಗಾಗಿ ಮತ್ತೆ ಹೇಳುವುದು ಏನೂ ಇಲ್ಲ, ಕ್ಷಮಿಸಿ ಎನ್ನುವುದೊಂದು ಬಿಟ್ಟು.

ನಿಮ್ಮ ಕೆಲಸ, ಮನೆ, ಹೆಸರು ಎಲ್ಲ ಹೋಯಿತು. ನಾನು ಅದರ ಮೇಲೆ ನಿಂತು ನಾಲ್ಕು ವರ್ಷ ಕಾಲೇಜಿನಲ್ಲಿ ಆಡಿದೆ, ನಾಲ್ಕು ವರ್ಷ ಬೆಂಚಿನ ಮೇಲೆ ಕೂತೆ. ಓಪಲ್ ಆಂಟಿಗೆ ನಿಜ ಹೇಳು ಎಂದು ಕೋಯ್ ಬರೆದಿದ್ದಾನೆ. ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ನಿಮ್ಮನ್ನು ಕೇಳಬೇಕೆನಿಸಿತು.

ಈಗ ಊರುಗೋಲಿನಲ್ಲಿ ಕಾರಿಡಾರಿನ ಕೊನೆಯವರೆಗೆ ಹೋಗಿ ಬರುತ್ತೇನೆ.

ನಿಮ್ಮ,
ಡೆಲ್ಮರ್ ಟ್ಯಾಕೆಟ್


ಕೀಸ್ ರನ್, ವೆಸ್ಟ್ ವರ್ಜೀನಿಯಾ
ಜನವರಿ 15, 1989

ಪ್ರಿಯ ಡೆಲ್ಮರ್,

ನಿನ್ನ ಮಂಡಿಯ ಸುದ್ದಿ ಪೇಪರಿನಲ್ಲಿ ಓದಿದ್ದೆ. ನಿನ್ನ ಕೊನೆಯ ಎಸೆತವನ್ನು ಟಿವಿಯಲ್ಲಿ ಎರಡು ಸಲ ತೋರಿಸಿದರು. ಎಡಭುಜ ಬೇಗ ತೆರೆದುಕೊಳ್ಳುವ ಹಳೆಯ ತಪ್ಪು ಇನ್ನೂ ಹೋಗಿರಲಿಲ್ಲ.

ನೀನು ಒಂದು ವಿಷಯ ತಪ್ಪು ತಿಳಿದಿದ್ದೀಯ. ಆ ಋತುವಿನಲ್ಲಿ ಅದಕ್ಕೂ ಮೊದಲು ಮೂರು ಸಲ ನೀನು ನಾನು ಹೇಳಿಕಳಿಸಿದ ಆಟ ಬದಲಾಯಿಸಿದ್ದೆ. ಮೂರು ಸಲವೂ ಗೆದ್ದೆವು. ನಾನು ಏನು ಮಾಡಿದೆ? ನಿನ್ನ ಬೆನ್ನು ತಟ್ಟಿದೆ. “ಈ ನನ್ಮಗನಿಗೆ ಎಂಟೆದೆ ಕಣ್ರೋ,” ಎಂದು ಎಲ್ಲರ ಮುಂದೆ ನಕ್ಕೆ. ಹದಿನೆಂಟು ವರ್ಷದ ಹುಡುಗನಿಗೆ ತಪ್ಪನ್ನು ಹೀಗೆ ಕಲಿಸಿದವನು ನಾನು. ಸ್ಕೂಲಿನವರು ಕೇಳಿದಾಗ ನನ್ನದೇ ತಪ್ಪು ಎಂದದ್ದು ತ್ಯಾಗವಲ್ಲ. ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ.

ಓಪಲ್‌ಗೆ ಹೇಳಬೇಡ. ಆಕೆಗೆ ಸಿಟ್ಟು ಇಡಲು ಒಂದು ಜಾಗವಿದೆ, ಆ ಜಾಗ ನಾನು, ನನಗೆ ಅಭ್ಯಾಸವಾಗಿದೆ. ನೀನು ಹೇಳಿದರೆ ನಿನ್ನ ಎದೆ ಹಗುರಾಗುತ್ತದೆ, ಆಕೆಯದು ಭಾರವಾಗುತ್ತದೆ. ಒಂಬತ್ತು ವರ್ಷ ನನ್ನೊಂದಿಗೆ ನಡೆದುಕೊಂಡದ್ದನ್ನೆಲ್ಲ ಆಕೆ ಮತ್ತೆ ಒಂದೊಂದಾಗಿ ನೆನೆಯಬೇಕಾಗುತ್ತದೆ. ಮಗನನ್ನು ನೋಡಿಕೊಳ್ಳುವವಳಿಗೆ ಅದೂ ಬೇಕೆ?

ಕೋಯ್‌ಗೆ ಈ ಚಳಿಯಲ್ಲಿ ಎದೆ ಕಟ್ಟಿದೆ. ಸಾಧ್ಯವಾದರೆ ಬಂದು ನೋಡು. ಕಾಲಿಗೆ ಆತುರ ಕೊಡಬೇಡ.

ಹೋಬರ್ಟ್ ಲೈವ್ಲಿ


ಬ್ಲೇರ್ ಫೋರ್ಕ್
ಜನವರಿ 29, 1989

ಡೆಲ್,

ಹೋದ ಪತ್ರದಲ್ಲಿ ಮಂಡಿ ಎಷ್ಟು ಬಗ್ಗುತ್ತೆ ಅನ್ನೋದು ಬಿಟ್ಟು ಬೇರೆ ಏನೂ ಬರೀಲಿಲ್ಲ ನೀನು. ಕೋಚ್ ಬೇಡ ಅಂದ್ರಂತೆ. ಅವರು ಹಾಗೇ ಅಂತಾರೆ.

ನಾನು ಹೇಳಿದ್ರೆ ಚಾಡಿ ಆಗುತ್ತೆ. ಅದೂ ಅಲ್ದೆ, ಇಷ್ಟು ವರ್ಷ ಮುಚ್ಚಿಟ್ಟೆ ಅಂತ ಅಮ್ಮ ನನ್ನ ಮೇಲೆ ಸಿಟ್ಟಾಗ್ತಾಳೆ. ಈಗ ಅವಳ ಸಿಟ್ಟು ತಡ್ಕೊಳ್ಳೋಕೆ ಎದೆಯಲ್ಲಿ ಗಾಳಿ ಸಾಲ್ದು.

ನಾನು ಹೋದ್ಮೇಲೆ ಅವಳಿಗೆ ಯಾರೂ ಇಲ್ಲ. ಕೋಚ್‌ಗೂ ಯಾರಿಲ್ಲ. ಇಬ್ಬರಿಗೂ ಗೊತ್ತಿರೋ ಒಬ್ಬನೇ ಮನುಷ್ಯ ನಾನು. ಅವಳು ಅವರ ಮುಖಾನೇ ನೋಡಲ್ಲ.

ಬಾ. ಬರೋಕೆ ಆಗದಿದ್ರೆ ಬರಿ. ದಣಿವಾಯ್ತು.

ಕೋಯ್


ಯಂಗ್ಸ್‌ಟೌನ್, ಒಹಾಯೊ
ಮಾರ್ಚ್ 5, 1989

ಓಪಲ್ ಆಂಟಿ,

ನಾನು ಅಪ್ಪನ ಮನೆಯಲ್ಲಿದ್ದೇನೆ. ಫೆಬ್ರವರಿ ಇಪ್ಪತ್ತೊಂದರಂದು, ಕೋಯ್‌ನನ್ನು ಮಣ್ಣು ಮಾಡಿದ ದಿನ, ನಿಮ್ಮ ಕೈ ಹಿಡಿದು ನಾನು ಏನು ಹೇಳಿದೆನೋ ನೆನಪಿಲ್ಲ. ಹೇಳಬೇಕಾಗಿದ್ದನ್ನಂತೂ ಹೇಳಲಿಲ್ಲ.

ಆ ದಿನ ಚರ್ಚಿನಲ್ಲಿ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಊರುಗೋಲು ನೋಡಿ ದಾರಿ ಬಿಟ್ಟರು. ಜನ ಬಂದು, “ಅಷ್ಟು ದೂರದಿಂದ ಈ ಕಾಲಲ್ಲಿ ಬಂದ್ಯಲ್ಲಪ್ಪ,” ಎಂದು ಭುಜ ತಟ್ಟಿದರು. ಕೋಯ್ ಬದುಕಿದ್ದಾಗ ಬರದವನಿಗೆ ಅಷ್ಟು ಮರ್ಯಾದೆ. ಪೆಟ್ಟಿಗೆ ಎತ್ತುವಾಗ ಐದೇ ಜನ ಸೇರಿದ್ದರು. ಹಿಂದಿನ ಸಾಲಿನಿಂದ ಕೋಚ್ ಎದ್ದು ಬಂದು ಆರನೆಯ ಹಿಡಿಗೆ ಕೈ ಹಾಕಿದರು. ನಿಮ್ಮ ಮೈದುನ ಅವರ ಮಣಿಕಟ್ಟು ಹಿಡಿದು, “ನೀನು ಮುಟ್ಬೇಡ. ನೀನು ಮಾಡಿದ್ದು ಸಾಕು,” ಅಂದರು. ಇಡೀ ಚರ್ಚು ಕೇಳಿಸಿಕೊಂಡಿತು. ಕೋಚ್ ಕೈ ತೆಗೆದು ಹಿಂದೆ ಸರಿದರು. ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ಆಂಟಿ, ಆ ಆಟದಲ್ಲಿ ಚೆಂಡು ಎಸೆಯಲು ಕೋಚ್ ಹೇಳಿರಲಿಲ್ಲ. ಓಡಿ, ಗಡಿಯಾರ ಮುಗಿಸಿ ಎಂದು ಕೋಯ್ ಕೈಲಿ ಹೇಳಿಕಳಿಸಿದ್ದರು. ಬದಲಾಯಿಸಿದವನು ನಾನು. ಯೂನಿವರ್ಸಿಟಿಯಿಂದ ನನ್ನನ್ನು ನೋಡಲು ಒಬ್ಬ ಬಂದಿದ್ದ, ಅವನಿಗೆ ಇನ್ನೊಂದು ಎಸೆತ ತೋರಿಸಬೇಕಾಗಿತ್ತು. ಅಷ್ಟೇ ಕಾರಣ. ಕೋಯ್‌ಗೆ ಗೊತ್ತಿತ್ತು. ನನ್ನ ಓದು ಕೆಡಬಾರದೆಂದು ಕೋಚ್ ಅವನ ಬಾಯಿ ಕಟ್ಟಿದರು, ತಮ್ಮದನ್ನೂ ಕಟ್ಟಿಕೊಂಡರು. ನನ್ನ ಬಾಯಿ ಯಾರೂ ಕಟ್ಟಿರಲಿಲ್ಲ.

ಡಿಸೆಂಬರಿನಲ್ಲೇ ಕೋಯ್, ಅಮ್ಮನಿಗೆ ಹೇಳು ಎಂದು ಬರೆದಿದ್ದ. ಜನವರಿಯಲ್ಲಿ ಮತ್ತೆ ಬರೆದ. ಕೋಚ್ ಬೇಡವೆಂದದ್ದು ನನಗೆ ಅನುಕೂಲವಾಯಿತು, ಹಾಗಾಗಿ ಅವರ ಮಾತು ಕೇಳಿದೆ. ಇನ್ನೊಂದು ವಾರ, ಊರುಗೋಲು ಬಿಟ್ಟ ಮೇಲೆ ಹೋಗಿ ಎದುರಿಗೇ ಹೇಳೋಣ ಎಂದುಕೊಂಡೆ. ಫೋನು ಬಂದದ್ದು ಆ ವಾರವೇ.

ಮೈದಾನದಲ್ಲಿ ಪೆಟ್ಟಾದರೆ ಆಟ ನಿಲ್ಲಿಸುತ್ತಾರೆ. ನಾಲ್ಕು ಜನ ಓಡಿಬರುತ್ತಾರೆ, ಎಲ್ಲಿ ನೋವು ಎಂದು ಕೇಳುತ್ತಾರೆ. ನಾನು ಮಾಡಿದ ಪೆಟ್ಟಿಗೆ ಯಾರೂ ಸೀಟಿ ಊದಲಿಲ್ಲ. ಊದಬೇಕಾದವನು ನಾನೇ ಆಗಿದ್ದೆ.

ಕೋಯ್‌ನ ಎರಡು ಕಾಗದಗಳನ್ನು ಇದರೊಳಗೆ ಇಟ್ಟಿದ್ದೇನೆ. ಅವು ನಿಮ್ಮವು.

ಡೆಲ್ಮರ್


ಬ್ಲೇರ್ ಫೋರ್ಕ್
ಏಪ್ರಿಲ್ 30, 1989

ಡೆಲ್ಮರ್,

ನಿನ್ನ ಕಾಗದ ಬಂದು ಏಳು ವಾರವಾಯಿತು. ಬೇಕೆಂದೇ ಉತ್ತರ ಬರೆಯಲಿಲ್ಲ.

ಮೊದಲ ವಾರ ನಿನ್ನನ್ನು ಶಪಿಸಿದೆ. ಎರಡನೆಯ ವಾರ ಕೋಯ್‌ನನ್ನೇ ಬೈದೆ, ಖಾಲಿ ಮಂಚದ ಹತ್ತಿರ ನಿಂತು, ಜೋರಾಗಿ. ನನ್ನ ಕೈಯಲ್ಲೇ ಕಡ್ಡಿ ಎತ್ತಿಸಿಕೊಂಡು ನನ್ನಿಂದಲೇ ಮುಚ್ಚಿಟ್ಟ ಮಗ. ಆಮೇಲೆ ಆ ಹಾಡಿನ ದಿನ ನೆನಪಾಯಿತು. ಅಪಸ್ವರದಲ್ಲಿ ಅರಚುತ್ತಿದ್ದ. “ಏನೋ ಖುಷಿ ಇವತ್ತು?” ಎಂದು ಕೇಳಿದ್ದೆ.

ಹದಿನೆಂಟರ ಹುಡುಗನಿಗೆ ಹೆದರಿಕೆಯಾಗುತ್ತದೆ. ಅದು ನನಗೆ ಅರ್ಥವಾಗುತ್ತದೆ. ಇಪ್ಪತ್ತೇಳರ ಗಂಡಸು ನನ್ನ ಮಗನ ಪೆಟ್ಟಿಗೆಯ ಪಕ್ಕ ನಿಂತು ಸುಮ್ಮನಿದ್ದದ್ದು ಅರ್ಥವಾಗುವುದಿಲ್ಲ. ಅದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ, ನಮ್ಮಲ್ಲಿ ಅದು ಈಗಾಗಲೇ ಸಾಕಷ್ಟಾಗಿದೆ.

ನನಗೊಬ್ಬಳಿಗೆ ಹೇಳಿದರೆ ಆಗಲಿಲ್ಲ. ಹೋಬರ್ಟ್‌ನನ್ನು ಹೊರಗೆ ಹಾಕಿದ್ದು ಇಡೀ ಊರು. ಜೂನ್ ನಾಲ್ಕು, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಯಾರು ಬೇಕಾದರೂ ಎದ್ದು ಮಾತಾಡಬಹುದು. ಬಂದು ಹೇಳು. ಹೋಬರ್ಟ್‌ಗೂ ಬರಲು ಹೇಳಿಕಳಿಸುತ್ತೇನೆ. ಏಕೆಂದು ಅವನಿಗೆ ಹೇಳುವುದಿಲ್ಲ, ಹೇಳಿದರೆ ಬರುವುದಿಲ್ಲ.

ಓಪಲ್ ಸ್ಟಂಬೋ


ಬ್ಲೇರ್ ಫೋರ್ಕ್
ಜೂನ್ 12, 1989

ಡೆಲ್ಮರ್,

ನೀನು ಹೋದ ಮೇಲೆ ಏನಾಯಿತು ಎಂದು ನಿನಗೆ ಯಾರೂ ಹೇಳಿರಲಾರರು. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಎದ್ದು ನಿಂತಾಗ ಜನ ಸಂತೋಷಪಟ್ಟರು. ಊರಿನ ದೊಡ್ಡ ಆಟಗಾರ ಮಾತಾಡುತ್ತಾನೆಂದು ಹೆಂಗಸರು ಮಕ್ಕಳನ್ನು ಸುಮ್ಮನಿರಿಸಿದರು. ನೀನು ಮೊದಲ ಮಾತಿನಲ್ಲೇ ವಿಷಯಕ್ಕೆ ಬಂದೆ. ಅದು ಒಳ್ಳೆಯದಾಯಿತು. ಅಳಲಿಲ್ಲ, ಅದೂ ಒಳ್ಳೆಯದಾಯಿತು. ನೀನು ಅತ್ತಿದ್ದರೆ ಅವರಿಗೆ ನಿನ್ನನ್ನು ಸಮಾಧಾನ ಮಾಡುವ ಕೆಲಸ ಸಿಗುತ್ತಿತ್ತು.

ನೀನು ಹೇಳಿ ಮುಗಿಸಿದಾಗ ಯಾರೂ ಆಮೆನ್ ಅನ್ನಲಿಲ್ಲ. ನಮ್ಮ ಚರ್ಚಿನಲ್ಲಿ ಹಾಗಾದದ್ದನ್ನು ನಾನು ಕಂಡಿಲ್ಲ. ನನ್ನ ಮೈದುನ ಟೋಪಿ ಹಿಡಿದುಕೊಂಡು ನೆಲ ನೋಡುತ್ತಿದ್ದ. ಹೋಬರ್ಟ್ ನಿನ್ನನ್ನು ತಡೆಯಲು ಅರ್ಧ ಎದ್ದವನು ಹಾಗೇ ಕೂತುಬಿಟ್ಟಿದ್ದ. ನೀನು ನಡುವಿನ ದಾರಿಯಲ್ಲಿ ಕುಂಟುತ್ತ ಹೊರಗೆ ಹೋದೆ. ಯಾರೂ ಕೈ ಚಾಚಲಿಲ್ಲ. ನಾನೂ.

ಆಮೇಲೆ ಮೈದುನ ಎದ್ದು ಹೋಗಿ ಹೋಬರ್ಟ್ ಎದುರು ನಿಂತ. ಟೋಪಿಯನ್ನು ಕೈಯಿಂದ ಕೈಗೆ ಬದಲಾಯಿಸಿದ. ಹೋಬರ್ಟೇ, “ಆಯ್ತು ಬಿಡಪ್ಪ,” ಅಂದ. ಒಬ್ಬೊಬ್ಬರಾಗಿ ಹೋಗಿ ಕೈ ಕುಲುಕಿದರು. ಅವನ ಮುಖ ನೋಡಿದರೆ ಅವನಿಗೆ ಶಿಕ್ಷೆ ಕೊಡುತ್ತಿದ್ದಾರೆ ಎನ್ನುವ ಹಾಗಿತ್ತು. ಈಗ ಇದೇ ಜನ ಪೆಟ್ರೋಲ್ ಬಂಕಿನಲ್ಲಿ ನಿಂತು ನಿನ್ನನ್ನು ಬೈಯುತ್ತಾರೆ, ಅವನನ್ನು ಬೈದಷ್ಟೇ ಸಲೀಸಾಗಿ. ಶಾಲೆಯ ಗೋಡೆಯಿಂದ ನಿನ್ನ ಫೋಟೋ ತೆಗೆದರಂತೆ. ಹೋಬರ್ಟ್ ಹೋಗಿ, “ವಾಪಸ್ ಹಾಕ್ರೋ, ಅವನು ಆಡಿದ ಆಟ ಸುಳ್ಳಲ್ಲ,” ಎಂದು ಜಗಳವಾಡಿ ಬಂದಿದ್ದಾನೆ.

ಆ ದಿನ ಅವನನ್ನು ಮನೆಗೆ ಕರೆದೆ. ಅಡುಗೆಮನೆಯ ಮೇಜಿನ ಎದುರು ಕೂತ. “ಯಾಕ್ ಹೇಳ್ಲಿಲ್ಲ?” ಅಂದೆ.

“ಹೇಳಿದ್ರೆ ನೀವು ನಂಬ್ತಿದ್ರಾ?”

“ಇಲ್ಲ,” ಅಂದೆ. ನಿಜ ಅದು. ತಪ್ಪಿಸಿಕೊಳ್ಳಲು ಮಕ್ಕಳ ಮೇಲೆ ಹಾಕುತ್ತಿದ್ದಾನೆ ಎನ್ನುತ್ತಿದ್ದೆ.

ಮುಂದಿನ ಕೋಣೆಯಿಂದ ಮಂಚ ವಾಪಸ್ಸು ತೆಗೆದುಕೊಂಡು ಹೋಗಿದ್ದಾರೆ. ಅಲ್ಲಿ ಏನು ಇಡಬೇಕೆಂದು ನನಗೆ ಗೊತ್ತಾಗಿಲ್ಲ. ಅವನು ಬಾಗಿಲಲ್ಲಿ ನಿಂತು ಆ ಖಾಲಿ ಜಾಗ ನೋಡುತ್ತಿದ್ದ. “ಊಟ ಮಾಡ್ಕೊಂಡ್ ಹೋಗು,” ಅಂದೆ. ಮಾಡಿಕೊಂಡು ಹೋದ. ನಿನ್ನೆಯೂ ಬಂದಿದ್ದ. ನಾವು ಕೋಯ್ ವಿಷಯ ಮಾತಾಡಿದೆವು. ಅವನಿಗೆ ಗೊತ್ತಿದ್ದ ಕೋಯ್ ಬೇರೆ, ನನಗೆ ಗೊತ್ತಿದ್ದವನು ಬೇರೆ. ಭಾನುವಾರಗಳಲ್ಲಿ ಕೋಯ್ ಸಾಯುವ ಮಾತು ಆಡುತ್ತಿದ್ದನಂತೆ, ನನ್ನೆದುರು ಒಮ್ಮೆಯೂ ಆಡಿರಲಿಲ್ಲ.

ಇನ್ನೊಂದು ಹೇಳಬೇಕು. ಚರ್ಚಿನಿಂದ ಹೋದವನು ನೀನು ಕೂಡಲೇ ಕಾರು ಹತ್ತಲಿಲ್ಲ. ಕಾಲು ಮಡಚಲಾಗದೆ ಬಾಗಿಲು ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎದ್ದು ಹೋಗಬೇಕು ಅನ್ನಿಸಿತು. ಮುಂದಿನ ಬೆಂಚನ್ನು ಹಿಡಿದುಕೊಂಡೆ ಕೂಡ. ಏಳಲಿಲ್ಲ. ನೀನು ಹೇಗೋ ಒಳಗೆ ಕೂತು ಹೊರಟುಹೋದೆ.

ಯಾರೂ ನೋಡಲಿಲ್ಲ ಎಂದು ನೀನು ಅಂದುಕೊಳ್ಳಬಾರದು.

ಕಾಲು ಹೇಗಿದೆ? ಬರೆ.

ಓಪಲ್ ಆಂಟಿ